ಜನ್ಮಸ್ವತ್ವವೂ ಸಂಸತ್ತಿನ ಶಾಸನಕ್ರಮವೂ

೧. ವಿಷಯಪ್ರವೇಶ

ಶಾಸನವೆಂಬ ಪದವು ಕಿವಿಗೆ ಬಿದ್ದೊಡನೆಯೇ ಈ ಪತ್ರಿಕೆಯ ವಾಚಕರ ಮನಸ್ಸು ಶಿಲಾಪಟ್ಟ ತಾಮ್ರಪಟಗಳ ಕಡೆಗೆ ಹರಿಯುವುದು ಸಹಜವಾಗಿದೆ. ಅರಸನು ದಾನವನ್ನು ಕೊಟ್ಟನು, ಕಟ್ಟಳೆಯನ್ನು ವಿಧಿಸಿದನು, ಕವಿಯು ಬರೆದನು, ರೂವಾರಿಯು ಕಂಡರಿಸಿದನು. ಅಲ್ಲಿ ಶಾಸಿಸಿದವನಾರೆಂಬ ಪ್ರಶ್ನೆಗೆ ಉತ್ತರವು ಕಲ್ಲಿನ ಮೊದಲ ಕೆಲವು ಪಂಕ್ತಿಗಳಲ್ಲಿಯೇ ದೊರೆಯುತ್ತದೆ. ಇಂದು ಅದೇ ಪದವನ್ನು ನಾವು ಸಂಸತ್ತು ಮಾಡುವ ಕಟ್ಟಳೆಗೂ ಪ್ರಯೋಗಿಸುತ್ತಿದ್ದೇವೆ. ಆದರೆ ಇಲ್ಲಿ ಶಾಸಿಸುವವನು ಯಾರು? ವಿಧೇಯಕವನ್ನು ಮಂಡಿಸಿದ ಮಂತ್ರಿಯೇ? ಕೈಯೆತ್ತಿದ ಸದಸ್ಯರೇ? ಅಂಕಿತವನ್ನು ಹಾಕಿದ ರಾಷ್ಟ್ರಪತಿಯೇ? ಇವರಲ್ಲಿ ಯಾವನೊಬ್ಬನೂ ಅಲ್ಲವೆಂಬುದೇ ಉತ್ತರ. ಹಾಗಾದರೆ ಆ ವಾಕ್ಯಕ್ಕೆ ಪ್ರಾಮಾಣ್ಯವು ಎಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ಯಥಾಮತಿ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ವಿಷಯವು ಅತಿವಿಸ್ತಾರವಾದುದರಿಂದ ಸ್ಥಾಲೀಪುಲಾಕನ್ಯಾಯವನ್ನು ಆಶ್ರಯಿಸಿ, ಒಂದೇ ಒಂದು ವಿಧೇಯಕವನ್ನು ಆದಿಯಿಂದ ಅಂತ್ಯದವರೆಗೆ ಹಿಂಬಾಲಿಸುತ್ತೇವೆ. ಅದು ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ೨೦೦೫ರಲ್ಲಿ ಆದ ತಿದ್ದುಪಡಿ. ಇದನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಈ ತಿದ್ದುಪಡಿಯು ಮುಟ್ಟಿದುದು ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಂದು ಗ್ರಂಥದ ಸಿದ್ಧಾಂತವನ್ನು.

೨. ಮಿತಾಕ್ಷರೆಯಿಂದ ೧೯೫೬ರ ವರೆಗೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇಂದಿನ ಬಸವಕಲ್ಯಾಣವೇ ಆ ಕಲ್ಯಾಣ. ಒಡೆಯನೊಡನೆ ಇರುವ ಸಂಬಂಧವೊಂದನ್ನೇ ನಿಮಿತ್ತವಾಗಿ ಉಳ್ಳ ಸ್ವತ್ತು ದಾಯವೆಂದೂ, ಅದು ಅಪ್ರತಿಬಂಧ ಸಪ್ರತಿಬಂಧಗಳೆಂದು ಎರಡು ಬಗೆಯೆಂದೂ ಅವನು ವಿಭಾಗಿಸಿದನು. ತಂದೆಯ ಮತ್ತು ತಾತನ ಸ್ವತ್ತಿನಲ್ಲಿ ಪುತ್ರಪೌತ್ರರಿಗೆ ಹುಟ್ಟಿದಾಗಲೇ ಒಡೆತನವು ಬರುತ್ತದೆ. ಅದಕ್ಕೆ ಯಾರ ಬದುಕೂ ಅಡ್ಡಿಯಲ್ಲ. ಆದುದರಿಂದ ಅದು ಅಪ್ರತಿಬಂಧದಾಯ. ಅಣ್ಣತಮ್ಮಂದಿರು, ಚಿಕ್ಕಪ್ಪ ಮೊದಲಾದವರಿಗೆ ಬರುವುದು ಒಡೆಯನು ಪುತ್ರಹೀನನಾಗಿ ತೀರಿಕೊಂಡ ಮೇಲೆ. ಆದುದರಿಂದ ಅದು ಸಪ್ರತಿಬಂಧದಾಯ. ಇದೇ ಜನ್ಮಸ್ವತ್ವವಾದ. ವಂಗದೇಶದ ಜೀಮೂತವಾಹನನು ತನ್ನ ದಾಯಭಾಗದಲ್ಲಿ ಇದನ್ನೊಪ್ಪದೆ, ಒಡೆಯನ ಉಪರಮದಿಂದಲೇ ಸ್ವತ್ವವು ಹುಟ್ಟುವುದೆಂದು ವಾದಿಸಿದನು. ಕೋಲ್‌ಬ್ರೂಕ್ ಪಂಡಿತನು ೧೮೧೦ರಲ್ಲಿ ಈ ಎರಡು ಗ್ರಂಥಗಳ ದಾಯಪ್ರಕರಣಗಳನ್ನು ಆಂಗ್ಲಕ್ಕೆ ಭಾಷಾಂತರಿಸಿ ಪ್ರಕಟಿಸಿದ ಮೇಲೆ ಬ್ರಿಟಿಷರ ನ್ಯಾಯಾಲಯಗಳಲ್ಲಿ ಅವು ಕಾನೂನಿನ ಸ್ಥಾನವನ್ನೇ ಪಡೆದುವು.

ಪಾಠಶಾಲೆಯಲ್ಲಿ ನಾವು ದಾಯವಿಭಾಗವನ್ನು ಓದುತ್ತಿದ್ದಾಗ ಸಹಪಾಠಿಯೊಬ್ಬನು ಗುರುಗಳನ್ನು ಹೀಗೆ ಕೇಳಿದ್ದುಂಟು: “ಪುತ್ರನನ್ನೂ ದುಹಿತೃವನ್ನೂ ಕೂಡಿಸಿ ಹೇಳುವಾಗ ಪುತ್ರಶಬ್ದವೊಂದೇ ಉಳಿಯುವುದೆಂದು ಪಾಣಿನಿಯು ಏಕಶೇಷವನ್ನು ಹೇಳಿರುವನಲ್ಲವೇ? ಇಲ್ಲಿಯೂ ಪುತ್ರಶಬ್ದದಲ್ಲಿ ಮಗಳು ಅಡಗಿರಬಾರದೇಕೆ?” ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ವ್ಯಾಕರಣವು ಕೊಟ್ಟ ಅವಕಾಶವನ್ನು ವ್ಯವಹಾರವು ಕೊಟ್ಟಿಲ್ಲವಪ್ಪ” ಎಂದರು. ಆ ಅವಕಾಶವು ದೊರೆತ ಕಥೆಯೇ ಮುಂದಿನದು.

ಹಿಂದೂ ಧರ್ಮಶಾಸ್ತ್ರದ ವ್ಯವಹಾರಭಾಗವನ್ನು ಒಂದು ಸಂಹಿತೆಯಾಗಿ ಮಾಡುವ ಯತ್ನವು ೧೯೪೧ರಲ್ಲಿ ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರ ಅಧ್ಯಕ್ಷತೆಯ ಸಮಿತಿಯಿಂದ ಆರಂಭವಾಯಿತು. ಅನಂತರ ಡಾ. ಅಂಬೇಡ್ಕರರು ಮುಂದಿಟ್ಟ ಹಿಂದೂ ಸಂಹಿತಾ ವಿಧೇಯಕವು ಜನ್ಮಸ್ವತ್ವವನ್ನೇ ತೆಗೆದುಹಾಕಬೇಕೆಂದು ಸೂಚಿಸಿತ್ತು. ಅದು ಮುಂದುವರಿಯದೆ ಹೋದುದೇ ೧೯೫೧ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಪದವಿಯನ್ನು ತ್ಯಜಿಸಲು ಮುಖ್ಯ ಕಾರಣಗಳಲ್ಲೊಂದಾಯಿತು. ಸಂಹಿತೆಯು ಮುಂದೆ ನಾಲ್ಕು ಅಧಿನಿಯಮಗಳಾಗಿ ೧೯೫೫ ಮತ್ತು ೧೯೫೬ರಲ್ಲಿ ಸಿದ್ಧಿಸಿತು. ಅವುಗಳಲ್ಲೊಂದಾದ ೧೯೫೬ರ ಉತ್ತರಾಧಿಕಾರ ಅಧಿನಿಯಮವು ಹೆಂಗಸರ ಸ್ವತ್ತಿಗೆ ಪೂರ್ಣ ಒಡೆತನವನ್ನು ಕೊಟ್ಟಿತು. ತಂದೆಯ ಪಾಲಿನಲ್ಲಿ ಮಗಳಿಗೂ ಸಮಾಂಶವನ್ನು ಕೊಟ್ಟಿತು. ಆದರೆ ಮಿತಾಕ್ಷರೆಯ ಜನ್ಮಸ್ವತ್ವವನ್ನು ಗಂಡುಮಕ್ಕಳಿಗೆ ಮಾತ್ರ ಇದ್ದಂತೆಯೇ ಉಳಿಸಿತು.

ಇದರ ಫಲವೇನೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಬ್ಬ ತಂದೆಗೆ ಒಬ್ಬ ಮಗನೂ ಒಬ್ಬ ಮಗಳೂ ಇದ್ದಾರೆ. ತಾಯಿಯು ಮೊದಲೇ ತೀರಿಕೊಂಡಿದ್ದಾಳೆ. ಸ್ವತ್ತು ಹನ್ನೆರಡು ಎಕರೆ ಪಿತ್ರಾರ್ಜಿತ ಭೂಮಿಯೆಂದಿಟ್ಟುಕೊಳ್ಳೋಣ. ತಂದೆಯು ಮರಣಪತ್ರವನ್ನು ಬರೆಯದೆ ತೀರಿಕೊಂಡರೆ, ಮೊದಲು ತಂದೆಗೂ ಮಗನಿಗೂ ಆರಾರು ಎಕರೆಯಂತೆ ಪಾಲಾಯಿತೆಂದು ಭಾವಿಸಿ, ಬಳಿಕ ತಂದೆಯ ಆರು ಎಕರೆಯನ್ನು ಮಕ್ಕಳಿಬ್ಬರಿಗೂ ಸಮವಾಗಿ ಹಂಚಬೇಕು. ಮಗನಿಗೆ ಒಂಬತ್ತು, ಮಗಳಿಗೆ ಮೂರು. ಮಗಳಿಗೂ ಜನ್ಮಸ್ವತ್ವವಿದ್ದಿದ್ದರೆ ಮೊದಲೇ ಮೂವರಿಗೂ ನಾಲ್ಕು ನಾಲ್ಕಾಗಿ, ತಂದೆಯ ನಾಲ್ಕು ಎಕರೆಯು ಇಬ್ಬರಿಗೂ ಎರಡೆರಡಾಗಿ, ಕಡೆಗೆ ಆರಾರು ಎಕರೆಗಳಾಗುತ್ತಿದ್ದುವು. ಮೂರು ಮತ್ತು ಆರರ ನಡುವಣ ಅಂತರವೇ ೨೦೦೫ರ ವಿಧೇಯಕದ ವಿಷಯ.

೩. ಸಂಸತ್ತಿನ ಅಂಗಗಳು

ಈ ಅಂತರವನ್ನು ತೊಡೆಯುವ ಅಧಿಕಾರವುಳ್ಳ ಸಂಸ್ಥೆಯ ರಚನೆಯನ್ನು ಈಗ ನೋಡೋಣ. ಸಂವಿಧಾನದ ೭೯ನೆಯ ಅನುಚ್ಛೇದದಂತೆ ಸಂಸತ್ತೆಂದರೆ ರಾಷ್ಟ್ರಪತಿ, ರಾಜ್ಯಸಭೆ, ಲೋಕಸಭೆ ಈ ಮೂರರ ಸಮುದಾಯ. ರಾಷ್ಟ್ರಪತಿಯು ಯಾವ ಸದನದಲ್ಲಿಯೂ ಕುಳಿತು ಚರ್ಚಿಸುವವರಲ್ಲ. ಆದರೂ ಅವರು ಸಂಸತ್ತಿನ ಅಂಗವೇ ಹೊರತು ಹೊರಗಿನವರಲ್ಲವೆಂಬುದನ್ನು ಗಮನಿಸಬೇಕು.

ಲೋಕಸಭೆಯು ಪ್ರಜೆಗಳಿಂದ ನೇರವಾಗಿ ಆಯ್ಕೆಯಾದುದು. ೨೦೨೪ರ ಮಹಾಚುನಾವಣೆಯು ನಡೆದುದು ೫೪೩ ಸ್ಥಾನಗಳಿಗೆ. ಅವುಗಳಲ್ಲಿ ಕರ್ನಾಟಕದವು ೨೮. ಅದರ ಆಯುಸ್ಸು ಐದು ವರ್ಷ. ಅದಕ್ಕೆ ಮೊದಲೇ ವಿಸರ್ಜನೆಯೂ ಆಗಬಹುದು. ರಾಜ್ಯಸಭೆಯ ಪರಮಸಂಖ್ಯೆ ೨೫೦. ಅವರಲ್ಲಿ ಹನ್ನೆರಡು ಮಂದಿ ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ಪರಿಣತರಾದವರು. ಇವರನ್ನು ರಾಷ್ಟ್ರಪತಿಯು ನಾಮಕರಣ ಮಾಡುತ್ತಾರೆ. ರಾಜ್ಯಗಳ ಪ್ರತಿನಿಧಿಗಳನ್ನು ಆಯಾ ವಿಧಾನಸಭೆಯ ಚುನಾಯಿತ ಸದಸ್ಯರು ಆರಿಸುತ್ತಾರೆ. ಕರ್ನಾಟಕದ ಪಾಲಿಗೆ ಹನ್ನೆರಡು ಸ್ಥಾನಗಳು. ಈ ಸಭೆಗೆ ವಿಸರ್ಜನೆಯಿಲ್ಲ. ಎರಡು ವರ್ಷಗಳಿಗೊಮ್ಮೆ ಮೂರರಲ್ಲೊಂದು ಪಾಲು ಸದಸ್ಯರು ನಿವೃತ್ತರಾಗುತ್ತಾರೆ. ಹರಿಯುವ ಹೊಳೆಯಲ್ಲಿ ನೀರು ಬೇರೆಯಾದರೂ ಹೊಳೆಯು ಒಂದೇ ಆಗಿರುವಂತೆ, ಸದಸ್ಯರು ಬದಲಾದರೂ ಸಭೆಯು ಅವಿಚ್ಛಿನ್ನವಾಗಿರುತ್ತದೆ. ಇದರ ಪ್ರಯೋಜನವನ್ನು ವಿಧೇಯಕಗಳಲ್ಲಿ ಕಾಣಬಹುದು. ಲೋಕಸಭೆಯ ಮುಂದಿರುವ ವಿಧೇಯಕವು ಅದರ ವಿಸರ್ಜನೆಯೊಡನೆ ಬಿದ್ದುಹೋಗುತ್ತದೆ. ಲೋಕಸಭೆಯನ್ನು ಇನ್ನೂ ದಾಟದೆ ರಾಜ್ಯಸಭೆಯಲ್ಲಿಯೇ ಇರುವ ವಿಧೇಯಕವು ಉಳಿದುಕೊಳ್ಳುತ್ತದೆ.

ಲೋಕಸಭೆಗೆ ಅದರ ಸದಸ್ಯರೇ ಆರಿಸಿದ ಸಭಾಧ್ಯಕ್ಷರು, ರಾಜ್ಯಸಭೆಗೆ ಉಪರಾಷ್ಟ್ರಪತಿಯೇ ಸಭಾಪತಿ. ಕನ್ನಡನಾಡಿನವರಾದ ಬಿ. ಡಿ. ಜತ್ತಿಯವರು ೧೯೭೪ರಿಂದ ೧೯೭೯ರ ವರೆಗೆ ಉಪರಾಷ್ಟ್ರಪತಿಗಳಾಗಿಯೂ, ಕೆ. ಎಸ್. ಹೆಗ್ಡೆಯವರು ೧೯೭೭ರಿಂದ ೧೯೮೦ರ ವರೆಗೆ ಲೋಕಸಭಾಧ್ಯಕ್ಷರಾಗಿಯೂ ಇದ್ದುದನ್ನು ಇಲ್ಲಿ ಸ್ಮರಿಸಬಹುದು. ಅಧ್ಯಕ್ಷಪೀಠದಲ್ಲಿರುವವರು ಮೊದಲು ಮತವನ್ನು ಕೊಡುವಂತಿಲ್ಲ. ಮತಗಳು ಸಮನಾದಾಗ ಮಾತ್ರ ಅವರ ಮತವು ನಿರ್ಣಾಯಕ. ಸದಸ್ಯರಲ್ಲಿ ಹತ್ತರಲ್ಲೊಂದು ಪಾಲಾದರೂ ಹಾಜರಿದ್ದ ಹೊರತು ಸಭೆಯು ನಡೆಯಲಾಗದು. ಎರಡು ಅಧಿವೇಶನಗಳ ನಡುವೆ ಆರು ತಿಂಗಳ ಅಂತರವು ಬೀಳಕೂಡದು.

೪. ಅಧಿಕಾರವಿಭಾಗ

ಸಂಸತ್ತು ಎಲ್ಲ ವಿಷಯಗಳಲ್ಲಿಯೂ ಶಾಸನ ಮಾಡಲಾರದು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ವಿದೇಶವ್ಯವಹಾರ, ನಾಣ್ಯ ಮೊದಲಾದುವು ಕೇಂದ್ರಪಟ್ಟಿಯಲ್ಲಿ. ಪೋಲೀಸು, ಭೂಮಿ ಮೊದಲಾದುವು ರಾಜ್ಯಪಟ್ಟಿಯಲ್ಲಿ. ಉಭಯರಿಗೂ ಸೇರಿದುವು ಸಮವರ್ತಿಪಟ್ಟಿಯಲ್ಲಿ. ಯಾವ ಪಟ್ಟಿಯಲ್ಲಿಯೂ ಸೇರದೆ ಉಳಿದುದು ಸಂಸತ್ತಿನದು. ಉತ್ತರಾಧಿಕಾರವೂ ಅವಿಭಕ್ತ ಕುಟುಂಬವೂ ಸಮವರ್ತಿಪಟ್ಟಿಯ ಐದನೆಯ ನಮೂದಿನಲ್ಲಿವೆ. ಆದಕಾರಣ ಸಂಸತ್ತು ಕೈಹಾಕುವ ಮೊದಲೇ ಕೆಲವು ರಾಜ್ಯಗಳು ಈ ವಿಷಯದಲ್ಲಿ ಹೆಜ್ಜೆಯಿಟ್ಟಿದ್ದುವು. ಕೇರಳವು ೧೯೭೫ರ ಅಧಿನಿಯಮದಿಂದ ಅವಿಭಕ್ತ ಕುಟುಂಬವನ್ನೇ ರದ್ದುಮಾಡಿತು. ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳು ಮಗಳಿಗೆ ಜನ್ಮಸ್ವತ್ವವನ್ನು ಕೊಟ್ಟುವು. ಕರ್ನಾಟಕದ ತಿದ್ದುಪಡಿಯು ೧೯೯೪ರ ಜುಲೈ ೩೦ರಂದು ಜಾರಿಗೆ ಬಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತು. ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂಬ ಸ್ಥಿತಿಯು ಹೀಗೆ ಉಂಟಾಯಿತು. ಒಂದೇ ವಿಷಯದಲ್ಲಿ ಎರಡು ಶಾಸನಗಳು ವಿರುದ್ಧವಾದರೆ ಸಾಮಾನ್ಯವಾಗಿ ಸಂಸತ್ತಿನದೇ ಪ್ರಬಲ. ರಾಷ್ಟ್ರಪತಿಯ ಅಂಕಿತವನ್ನು ಪಡೆದ ರಾಜ್ಯಶಾಸನವು ಆ ರಾಜ್ಯದಮಟ್ಟಿಗೆ ನಿಲ್ಲಬಹುದಾದರೂ, ಸಂಸತ್ತು ಮತ್ತೆ ಶಾಸನ ಮಾಡಿ ಅದನ್ನು ಮೀರಬಹುದು. ೨೦೦೫ರಲ್ಲಿ ಆದುದು ಹೀಗೆಯೇ.

೫. ವಿಧೇಯಕದ ಇತಿಕರ್ತವ್ಯತೆ

ಮೀಮಾಂಸಕರು ಭಾವನೆಯನ್ನು ಮೂರು ಅಂಶಗಳಾಗಿ ಬಿಡಿಸುತ್ತಾರೆ: ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು. ಮೊದಲನೆಯದು ಸಾಧ್ಯ, ಎರಡನೆಯದು ಸಾಧನ, ಮೂರನೆಯದು ಇತಿಕರ್ತವ್ಯತೆ. ಶಾಸನರಚನೆಯಲ್ಲಿ ಸಾಧ್ಯವು ಅಧಿನಿಯಮ, ಸಾಧನವು ಮತದಾನ. ಲೋಕದಲ್ಲಿ ಬಹುಜನರು ಈ ಎರಡನ್ನು ಮಾತ್ರ ಕಂಡು, ಬಹುಮತವಿದ್ದರೆ ಶಾಸನವಾಯಿತೆಂದು ತಿಳಿಯುತ್ತಾರೆ. ದರ್ಶಪೂರ್ಣಮಾಸಯಾಗಕ್ಕೆ ಪ್ರಯಾಜಾದಿ ಅಂಗಗಳಿರುವಂತೆ ಮತದಾನಕ್ಕೂ ಅಂಗಗಳಿವೆಯೆಂಬುದನ್ನು ಮರೆಯುತ್ತಾರೆ. ನಮ್ಮ ವಿಧೇಯಕವನ್ನು ಮುಂದಿಟ್ಟುಕೊಂಡು ಆ ಅಂಗಗಳನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ವಿಚಾರ. ೨೦೦೦ದಲ್ಲಿ ಕಾನೂನು ಆಯೋಗವು ತನ್ನ ೧೭೪ನೆಯ ವರದಿಯಲ್ಲಿ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕನ್ನು ಪರಾಮರ್ಶಿಸಿ, ರಾಜ್ಯಗಳ ಅನುಭವವನ್ನು ತೂಗಿನೋಡಿ, ಮಗಳನ್ನು ಸಹದಾಯಾದಳಾಗಿ ಮಾಡಬೇಕೆಂದು ಶಿಫಾರಸು ಮಾಡಿತು. ಬಳಿಕ ಸಂಬಂಧಪಟ್ಟ ಮಂತ್ರಾಲಯದಲ್ಲಿ ಕರಡು ಸಿದ್ಧವಾಗಿ ಮಂತ್ರಿಮಂಡಲದ ಒಪ್ಪಿಗೆಯನ್ನು ಪಡೆಯಬೇಕು. ಮಂತ್ರಿಯಲ್ಲದ ಸದಸ್ಯನೂ ವಿಧೇಯಕವನ್ನು ಮಂಡಿಸಬಹುದು; ಆದರೆ ಹಾಗೆ ಮಂಡಿತವಾದುವುಗಳಲ್ಲಿ ಹದಿನಾಲ್ಕು ಮಾತ್ರ ಶಾಸನಗಳಾಗಿವೆ; ಅವುಗಳಲ್ಲಿ ಕಡೆಯದು ೧೯೭೦ರದು.

ಎರಡನೆಯದು ಮಂಡನೆ, ಇದನ್ನು ಪ್ರಥಮವಾಚನವೆನ್ನುತ್ತಾರೆ. ಹಿಂದೂ ಉತ್ತರಾಧಿಕಾರ ತಿದ್ದುಪಡಿ ವಿಧೇಯಕವು ೨೦೦೪ರ ಡಿಸೆಂಬರ್ ೨೦ರಂದು ರಾಜ್ಯಸಭೆಯಲ್ಲಿ ಮಂಡಿತವಾಯಿತು. ವಿಧೇಯಕದೊಡನೆ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನೂ ಲಗತ್ತಿಸಬೇಕು. ಗ್ರಂಥಾರಂಭದಲ್ಲಿ ವಿಷಯ ಪ್ರಯೋಜನಾದಿ ಅನುಬಂಧಚತುಷ್ಟಯವನ್ನು ಹೇಳಬೇಕೆಂಬ ನಮ್ಮ ಸಂಪ್ರದಾಯವನ್ನು ಇದು ನೆನಪಿಗೆ ತರುತ್ತದೆ.

ಮೂರನೆಯದು ಸಮಿತಿಯ ಪರಿಶೀಲನೆ. ೧೯೯೩ರಲ್ಲಿ ಇಲಾಖಾಸಂಬಂಧಿ ಸ್ಥಾಯೀಸಮಿತಿಗಳು ಏರ್ಪಟ್ಟುವು. ೨೦೦೪ರಲ್ಲಿ ಅವುಗಳ ಸಂಖ್ಯೆಯು ಇಪ್ಪತ್ತನಾಲ್ಕಕ್ಕೆ ಏರಿತು. ಪ್ರತಿಯೊಂದರಲ್ಲಿ ಲೋಕಸಭೆಯ ೨೧, ರಾಜ್ಯಸಭೆಯ ೧೦, ಒಟ್ಟು ೩೧ ಸದಸ್ಯರಿರುತ್ತಾರೆ. ವಿಧೇಯಕವನ್ನು ಇಂತಹ ಸಮಿತಿಗೆ ಒಪ್ಪಿಸಿದಾಗ ಅದು ಅಧಿಕಾರಿಗಳನ್ನು ಕರೆಯಿಸಿ ಕೇಳುತ್ತದೆ. ಬಲ್ಲವರಿಂದಲೂ ಬಾಧಿತರಿಂದಲೂ ಅಭಿಪ್ರಾಯಗಳನ್ನು ಪಡೆಯುತ್ತದೆ. ಪದಪದವನ್ನೂ ಪರೀಕ್ಷಿಸಿ ವರದಿಯನ್ನು ಒಪ್ಪಿಸುತ್ತದೆ. ಸಮಿತಿಯ ಮಾತು ಸಲಹೆಯೇ ಹೊರತು ಆಜ್ಞೆಯಲ್ಲ. ಸದನದಲ್ಲಿ ಗ್ಯಾಲರಿಯ ಕಡೆಗೆ ಮಾತನಾಡುವ ಸದಸ್ಯರು ಇಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಒಬ್ಬರನ್ನೊಬ್ಬರು ನೋಡಿ ಮಾತನಾಡುತ್ತಾರೆ. ಸಮಿತಿಯ ಹಿರಿಯ ಗುಣವು ಇದೇ. ನಮ್ಮ ವಿಧೇಯಕವೂ ಕಾನೂನು ಮತ್ತು ನ್ಯಾಯವಿಷಯದ ಸಮಿತಿಯ ಕೈಯಿಂದ ಹಾದುಬಂದಿತು.

ನಾಲ್ಕನೆಯದು ದ್ವಿತೀಯವಾಚನ. ಇದರಲ್ಲಿ ಮೊದಲು ವಿಧೇಯಕದ ತತ್ತ್ವವನ್ನು ಕುರಿತು ಚರ್ಚೆ. ಬಳಿಕ ಖಂಡಖಂಡವಾಗಿ ವಿಚಾರ. ತಿದ್ದುಪಡಿಗಳು ಬರುವುದೂ ಬೀಳುವುದೂ ಇಲ್ಲಿಯೇ. ಐದನೆಯದು ತೃತೀಯವಾಚನ, ಇಲ್ಲಿ ಇಡಿಯ ವಿಧೇಯಕವನ್ನು ಅಂಗೀಕರಿಸಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ. ಅಧ್ಯಕ್ಷರು ಮತಕ್ಕೆ ಹಾಕಿದಾಗ ಸದಸ್ಯರು ಮೊದಲು ಧ್ವನಿಯಿಂದ ಉತ್ತರವೀಯುತ್ತಾರೆ. ಯಾರಾದರೂ ಒಪ್ಪದೆ ವಿಭಜನೆಯನ್ನು ಕೇಳಿದರೆ ಮತಗಳನ್ನು ಎಣಿಸುತ್ತಾರೆ. ಹಾಜರಿದ್ದು ಮತ ಕೊಟ್ಟವರ ಬಹುಮತವು ಸಾಕು.

ಆರನೆಯದು ಇನ್ನೊಂದು ಸದನ. ಒಂದು ಸಭೆಯು ಒಪ್ಪಿದುದನ್ನು ಮತ್ತೊಂದು ಸಭೆಯು ಮೊದಲಿನಿಂದ ಮತ್ತೆ ಓದುತ್ತದೆ. ನಮ್ಮ ವಿಧೇಯಕವನ್ನು ೨೦೦೫ರ ಆಗಸ್ಟ್ ತಿಂಗಳಿನಲ್ಲಿ ರಾಜ್ಯಸಭೆಯೂ ಅನಂತರ ಅದೇ ತಿಂಗಳಿನಲ್ಲಿ ಲೋಕಸಭೆಯೂ ಅಂಗೀಕರಿಸಿದುವು. ಏಳನೆಯದು ರಾಷ್ಟ್ರಪತಿಯ ಅಂಕಿತ. ಅದು ಸೆಪ್ಟೆಂಬರ್ ೫ರಂದು ದೊರೆಯಿತು. ಸೆಪ್ಟೆಂಬರ್ ೯ರಿಂದ ಅಧಿನಿಯಮವು ಜಾರಿಗೆ ಬಂದಿತು. ಅದರ ಮೊದಲ ವಾಕ್ಯವು ಗಣರಾಜ್ಯದ ಐವತ್ತಾರನೆಯ ವರ್ಷವನ್ನು ಹೆಸರಿಸುತ್ತದೆ. ಶಿಲಾಶಾಸನದ ಶಕವರ್ಷಕ್ಕೂ ಸಂಕಲ್ಪವಾಕ್ಯದ ಸಂವತ್ಸರಕ್ಕೂ ಇದು ಸಗೋತ್ರವೆಂದು ಹೇಳಬಹುದು. ಒಂದು ಭೇದವುಂಟು: ಅರಸನ ರಾಜ್ಯವರ್ಷದ ಸ್ಥಾನದಲ್ಲಿ ಇಲ್ಲಿ ಗಣರಾಜ್ಯದ ವರ್ಷವಿದೆ.

೬. ವಿಶೇಷವಿಧಿಗಳು

ಮೇಲೆ ಹೇಳಿದುದು ಉತ್ಸರ್ಗ. ಇದಕ್ಕೆ ಅಪವಾದಗಳೂ ಉಂಟು. ಹಣದ ವಿಧೇಯಕವು ಲೋಕಸಭೆಯಲ್ಲಿಯೇ ಹುಟ್ಟಬೇಕು. ರಾಜ್ಯಸಭೆಯು ಹದಿನಾಲ್ಕು ದಿನಗಳೊಳಗೆ ಸಲಹೆಯನ್ನು ಕೊಡಬಹುದು, ತಡೆಯಲಾರದು. ಯಾವುದು ಹಣದ ವಿಧೇಯಕವೆಂಬುದನ್ನು ಲೋಕಸಭಾಧ್ಯಕ್ಷರು ಪ್ರಮಾಣೀಕರಿಸುತ್ತಾರೆ. ಸಾಮಾನ್ಯ ವಿಧೇಯಕದಲ್ಲಿ ಸದನಗಳೆರಡೂ ಒಪ್ಪದೆ ಹೋದರೆ ರಾಷ್ಟ್ರಪತಿಯು ಜಂಟಿ ಅಧಿವೇಶನವನ್ನು ಕರೆಯಬಹುದು. ಇಂತಹ ಅಧಿವೇಶನದಲ್ಲಿ ವಿಧೇಯಕಗಳು ಅಂಗೀಕೃತವಾದುದು ಮೂರು ಬಾರಿ: ವರದಕ್ಷಿಣೆಯ ನಿಷೇಧಕ್ಕಾಗಿ ೧೯೬೧ರಲ್ಲಿ, ಬ್ಯಾಂಕ್ ಸೇವಾ ಆಯೋಗದ ರದ್ದಿಗಾಗಿ ೧೯೭೮ರಲ್ಲಿ, ಭಯೋತ್ಪಾದನೆಯ ತಡೆಗಾಗಿ ೨೦೦೨ರಲ್ಲಿ.

ರಾಷ್ಟ್ರಪತಿಯು ಹಣದ ವಿಧೇಯಕವಲ್ಲದುದನ್ನು ಪುನಃಪರಿಶೀಲನೆಗಾಗಿ ಒಮ್ಮೆ ಹಿಂತಿರುಗಿಸಬಹುದು. ಸದನಗಳು ಮತ್ತೆ ಅಂಗೀಕರಿಸಿದರೆ ಅಂಕಿತವನ್ನು ತಡೆಹಿಡಿಯಲಾಗದು. ೨೦೦೬ರಲ್ಲಿ ಅಬ್ದುಲ್ ಕಲಾಂ ಅವರು ಸದಸ್ಯರ ಅನರ್ಹತೆಗೆ ಸಂಬಂಧಿಸಿದ ವಿಧೇಯಕವೊಂದನ್ನು ಹೀಗೆ ಹಿಂತಿರುಗಿಸಿ, ಅದು ಮತ್ತೆ ಬಂದಾಗ ಅಂಕಿತವನ್ನು ಹಾಕಿದರು.

ಸಂವಿಧಾನವನ್ನೇ ತಿದ್ದಬೇಕಾದರೆ ಪ್ರತಿಯೊಂದು ಸದನದಲ್ಲಿಯೂ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಕೊಟ್ಟವರಲ್ಲಿ ಮೂರರಲ್ಲೆರಡು ಪಾಲೂ ಬೇಕು. ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಒಪ್ಪಿಗೆಯೂ ಬೇಕು. ಇಷ್ಟಾದರೂ ಸಂವಿಧಾನದ ಮೂಲರಚನೆಯನ್ನು ಕೆಡಿಸಲಾಗದೆಂದು ೧೯೭೩ರಲ್ಲಿ ಹದಿಮೂರು ನ್ಯಾಯಾಧೀಶರ ಪೀಠವು ಏಳು ಆರರ ಬಹುಮತದಿಂದ ತೀರ್ಮಾನಿಸಿತು. ಆ ವ್ಯಾಜ್ಯವನ್ನು ಹೂಡಿದವರು ಕಾಸರಗೋಡಿನ ಎಡನೀರುಮಠದ ಕೇಶವಾನಂದ ಭಾರತೀ ಸ್ವಾಮಿಗಳು.

೭. ಅಂಗಲೋಪದ ವಿಚಾರ

ಇಲ್ಲಿ ಒಂದು ಶಂಕೆಯು ಏಳುತ್ತದೆ. ಮೇಲೆ ಎಣಿಸಿದ ಅಂಗಗಳಲ್ಲಿ ಒಂದೆರಡು ಲೋಪವಾದರೆ ಶಾಸನವು ಶಾಸನವೇ ಅಲ್ಲವಾಗುತ್ತದೆಯೇ? ಸಂವಿಧಾನದ ೧೨೨ನೆಯ ಅನುಚ್ಛೇದವು ಇದಕ್ಕೆ ಸಮಾಧಾನವನ್ನು ಹೇಳಿದೆ: ಕಾರ್ಯಕ್ರಮದಲ್ಲಿ ಲೋಪವಾಯಿತೆಂಬ ಕಾರಣದಿಂದ ಸಂಸತ್ತಿನ ನಡವಳಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಕೂಡದು. ಕ್ರಮಲೋಪವು ಬೇರೆ, ಸಂವಿಧಾನೋಲ್ಲಂಘನವು ಬೇರೆ. ಎರಡನೆಯದನ್ನು ನ್ಯಾಯಾಲಯವು ನೋಡಬಹುದೆಂದು ೨೦೦೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವೇಚಿಸಿತು. ಆದರೂ ಸಮಿತಿಗೆ ಒಪ್ಪಿಸಲಿಲ್ಲ, ಚರ್ಚೆಯು ಸಾಲದಾಯಿತು ಎಂಬಿಷ್ಟರಿಂದಲೇ ಶಾಸನವು ಬೀಳುವುದಿಲ್ಲ.

ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಸಮಾನವಾದ ವಿಚಾರವುಂಟು. ಕಾಮ್ಯಕರ್ಮದಲ್ಲಿ ಸರ್ವಾಂಗಗಳೂ ನೆರವೇರಿದರೆ ಮಾತ್ರ ಫಲ. ನಿತ್ಯಕರ್ಮದಲ್ಲಾದರೋ ಶಕ್ಯವಾದಷ್ಟು ಅಂಗಗಳಿಂದ ಮಾಡಿದರೂ ಕರ್ಮವು ಸಿದ್ಧಿಸುತ್ತದೆ. ರಾಜ್ಯವು ಪ್ರತಿದಿನವೂ ನಡೆಯಬೇಕಾದುದರಿಂದ ಶಾಸನರಚನೆಯನ್ನು ನಿತ್ಯದಂತೆ ಎಣಿಸಿ ಸಂವಿಧಾನವು ಈ ವಿನಾಯಿತಿಯನ್ನು ಕೊಟ್ಟಿದೆಯೆನ್ನಬಹುದು. ಆದರೆ ಒಂದು ಮಾತನ್ನು ಮರೆಯಬಾರದು. ಅಶಕ್ತಿಗೆ ಸಲ್ಲುವ ವಿನಾಯಿತಿಯು ಆಲಸ್ಯಕ್ಕೂ ಆತುರಕ್ಕೂ ಸಲ್ಲದು.

ಉದಾಹರಣೆಯನ್ನು ನೋಡೋಣ. ೨೦೨೦ರ ಜೂನಿನಲ್ಲಿ ಕೃಷಿಗೆ ಸಂಬಂಧಿಸಿದ ಮೂರು ಅಧ್ಯಾದೇಶಗಳು ಹೊರಟುವು. ಸಂಸತ್ತು ಸೇರಿಲ್ಲದಾಗ ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿಯು ಹೊರಡಿಸುವ ತಾತ್ಕಾಲಿಕ ಶಾಸನವು ಅಧ್ಯಾದೇಶ. ಸಂಸತ್ತು ಮತ್ತೆ ಸೇರಿದ ಆರು ವಾರಗಳಲ್ಲಿ ಅದು ಮುಗಿಯುತ್ತದೆ. ಅವುಗಳ ಸ್ಥಾನದಲ್ಲಿ ಬಂದ ವಿಧೇಯಕಗಳು ಆ ವರ್ಷದ ಸೆಪ್ಟೆಂಬರಿನಲ್ಲಿ ಸಮಿತಿಗೆ ಹೋಗದೆಯೇ ಅಂಗೀಕೃತವಾದುವು. ರಾಜ್ಯಸಭೆಯಲ್ಲಿ ಎರಡು ವಿಧೇಯಕಗಳು ಗದ್ದಲದ ನಡುವೆ ಧ್ವನಿಮತದಿ��ದ ನಿರ್ಣಯವಾದುವು. ಬಳಿಕ ವರ್ಷವೊಂದಕ್ಕೆ ಮಿಕ್ಕಿ ರೈತರ ಚಳವಳಿಯು ನಡೆದು, ೨೦೨೧ರ ನವೆಂಬರ್ ೨೯ರಂದು ಆ ಮೂರು ಶಾಸನಗಳನ್ನೂ ರದ್ದುಮಾಡುವ ವಿಧೇಯಕವನ್ನು ಎರಡು ಸದನಗಳೂ ಒಂದೇ ದಿನದಲ್ಲಿ ಚರ್ಚೆಯಿಲ್ಲದೆ ಅಂಗೀಕರಿಸಿದುವು. ಆ ಶಾಸನಗಳು ಒಳ್ಳೆಯವೋ ಕೆಟ್ಟವೋ ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಹುಟ್ಟಿದಾಗಲೂ ಅಳಿದಾಗಲೂ ಅವುಗಳಿಗೆ ಇತಿಕರ್ತವ್ಯತೆಯು ಪೂರ್ಣವಾಗಿ ದೊರೆಯಲಿಲ್ಲವೆಂಬುದೇ ಪ್ರಕೃತ. ಸಮಿತಿಯಲ್ಲಿ ಕೇಳಬೇಕಾಗಿದ್ದ ಮಾತುಗಳನ್ನು ಕಡೆಗೆ ಹೆದ್ದಾರಿಯಲ್ಲಿ ಕೇಳಬೇಕಾಯಿತು.

ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. ೧೯೮೫ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ ಪಕ್ಷದ ನಿರ್ದೇಶವನ್ನು ಮೀರಿ ಮತ ಕೊಟ್ಟ ಸದಸ್ಯನು ತನ್ನ ಸ್ಥಾನವನ್ನು ಕಳೆದುಕೊಳ್ಳಬಹುದು. ಪಕ್ಷಾಂತರದ ಪಿಡುಗನ್ನು ತಡೆಯಲು ಬಂದ ಈ ನಿಯಮವು ಸದನದಲ್ಲಿ ಚರ್ಚೆಯ ಬೆಲೆಯನ್ನೂ ತಗ್ಗಿಸಿತು. ವಾದವನ್ನು ಕೇಳಿ ಮನಸ್ಸು ಬದಲಾದರೂ ಮತವು ಬದಲಾಗಲಾರದು. ಆದಕಾರಣ ಪಕ್ಷದ ನಿರ್ದೇಶವು ಮುಟ್ಟದ ಸಮಿತಿಯ ಕೋಣೆಯೇ ಇಂದು ನಿಜವಾದ ವಿಚಾರಕ್ಕೆ ಉಳಿದಿರುವ ಮುಖ್ಯ ಸ್ಥಳವಾಗಿದೆ.

೮. ಶಬ್ದಾರ್ಥನಿರ್ಣಯ

ಶಾಸನವು ಸಿದ್ಧವಾದೊಡನೆ ಅದರ ಶಬ್ದಗಳು ಸಂಸತ್ತಿನ ಕೈಯಿಂದ ನ್ಯಾಯಾಲಯದ ಕೈಗೆ ಹೋಗುತ್ತವೆ. ನಮ್ಮ ಅಧಿನಿಯಮದ ಆರನೆಯ ಪ್ರಕರಣದಲ್ಲಿ ಎರಡು ಮಾತುಗಳಿವೆ. ಅಧಿನಿಯಮದ ಆರಂಭದಿಂದ ಎಂಬುದೊಂದು. ಮಗನಂತೆಯೇ ಮಗಳೂ ಹುಟ್ಟಿನಿಂದ ಸಹದಾಯಾದಳಾಗುವಳು ಎಂಬುದು ಇನ್ನೊಂದು. ಮೊದಲನೆಯದು ಕಾಲವನ್ನು ಹೇಳುತ್ತದೆ. ಎರಡನೆಯದು ನಿಮಿತ್ತವನ್ನು ಹೇಳುತ್ತದೆ. ತಂದೆಯು ೨೦೦೫ರ ಸೆಪ್ಟೆಂಬರ್ ೯ಕ್ಕೆ ಮೊದಲೇ ತೀರಿಕೊಂಡಿದ್ದರೆ ಮಗಳ ಗತಿಯೇನು?

ಕರ್ನಾಟಕದಿಂದಲೇ ಹೋದ ಒಂದು ವ್ಯಾಜ್ಯದಲ್ಲಿ ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವು ಕಾಲವಾಚಕಪದಕ್ಕೆ ಪ್ರಾಧಾನ್ಯವನ್ನು ಕೊಟ್ಟು, ಆ ದಿನದಂದು ತಂದೆಯೂ ಮಗಳೂ ಜೀವಿಸಿರಬೇಕೆಂದಿತು. ಕರ್ನಾಟಕದಿಂದಲೇ ಹೋದ ಮತ್ತೊಂದರಲ್ಲಿ ೨೦೧೮ರಲ್ಲಿ ಬೇರೊಂದು ಪೀಠವು, ೨೦೦೧ರಲ್ಲಿಯೇ ತಂದೆಯನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗೂ ಪಾಲನ್ನು ಕೊಡಿಸಿತು. ಈ ವಿರೋಧವನ್ನು ಪರಿಹರಿಸಲು ೨೦೨೦ರ ಆಗಸ್ಟ್ ೧೧ರಂದು ಮೂವರು ನ್ಯಾಯಾಧೀಶರ ಪೀಠವು ತೀರ್ಪನ್ನಿತ್ತಿತು: ಹಕ್ಕು ಬರುವುದು ಹುಟ್ಟಿನಿಂದ, ಇದು ಅಪ್ರತಿಬಂಧದಾಯ, ಆದುದರಿಂದ ತಂದೆಯು ಆ ದಿನದಂದು ಜೀವಿಸಿರಬೇಕೆಂಬ ನಿಯಮವಿಲ್ಲ. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲು ವಿಧಿವತ್ತಾಗಿ ಆದ ವಿಭಾಗ, ವಿಕ್ರಯಾದಿಗಳನ್ನು ಮಾತ್ರ ಕದಲಿಸಕೂಡದು. ನಿಮಿತ್ತಕ್ಕೂ ಕಾಲಕ್ಕೂ ವಿರೋಧವಿಲ್ಲ. ಜನ್ಮವು ಹಕ್ಕಿಗೆ ಬೇರು, ಆರಂಭದಿನವು ಫಲಕಾಲ. ಕಲ್ಯಾಣದ ಪಂಡಿತನು ಒಂಬೈನೂರು ವರ್ಷಗಳ ಹಿಂದೆ ಮಾಡಿದ ವಿಭಾಗವನ್ನೇ ಆಧಾರವಾಗಿ ಹಿಡಿದು, ಅವನು ಹೊರಗಿಟ್ಟ ಮಗಳನ್ನು ನ್ಯಾಯಾಲಯವು ಒಳಕ್ಕೆ ಕರೆದುಕೊಂಡಿತು.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ೧೮೯೭ರ ಸಾಮಾನ್ಯ ಖಂಡಗಳ ಅಧಿನಿಯಮದ ಹದಿಮೂರನೆಯ ಪ್ರಕರಣವು ಏಕವಚನವು ಬಹುವಚನವನ್ನೂ ಪುಲ್ಲಿಂಗವು ಸ್ತ್ರೀಲಿಂಗವನ್ನೂ ಒಳಗೊಳ್ಳುವುದೆಂದು ಪರಿಭಾಷೆಯನ್ನು ಮಾಡಿದೆ. ಸೋಮಪಾತ್ರೆಯನ್ನು ಒರೆಸಬೇಕೆಂಬಲ್ಲಿ ಏಕವಚನವು ವಿವಕ್ಷಿತವಲ್ಲ, ಎಲ್ಲ ಪಾತ್ರೆಗಳನ್ನೂ ಒರೆಸಬೇಕೆಂಬ ನಮ್ಮ ಗ್ರಹೈಕತ್ವನ್ಯಾಯಕ್ಕೆ ಇದು ಹತ್ತಿರವಾಗಿದೆ. ಆದರೆ ಸಂದರ್ಭವು ವಿರುದ್ಧವಾದರೆ ಆ ಪರಿಭಾಷೆಯು ಪ್ರವರ್ತಿಸದು. ಮಗನೆಂಬ ಶಬ್ದದಿಂದ ಮಗಳನ್ನು ಗ್ರಹಿಸಲು ಪಾಣಿನಿಯ ಏಕಶೇಷವೂ ಸಾಲಲಿಲ್ಲ, ೧೮೯೭ರ ಪರಿಭಾಷೆಯೂ ಸಾಲಲಿಲ್ಲ. ಕಂಠೋಕ್ತವಾದ ವಿಧಿಯೇ ಬೇಕಾಯಿತು.

೯. ಉಪಸಂಹಾರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ವೇದವು ಅಪೌರುಷೇಯವಾದುದರಿಂದ ಪ್ರಮಾಣವೆಂದು ಮೀಮಾಂಸಕರು ಹೇಳುತ್ತಾರೆ. ಅಲ್ಲಿ ಕರ್ತೃವಿಲ್ಲದುದರಿಂದ ಕರ್ತೃದೋಷವೂ ಇಲ್ಲ. ಸಂಸತ್ತಿನ ಶಾಸನವಾದರೋ ಬಹುಪೌರುಷೇಯ. ಒಬ್ಬನ ದೋಷವನ್ನು ಇನ್ನೊಬ್ಬನು ಕಾಣಬೇಕು. ಒಂದು ಸದನದ ತಪ್ಪನ್ನು ಇನ್ನೊಂದು ತಿದ್ದಬೇಕು. ಈ ಪರಸ್ಪರಶೋಧನೆಯಿಂದಲೇ ಅದಕ್ಕೆ ಗೌರವವು ಬರಬೇಕಾಗಿದೆ. ಇತಿಕರ್ತವ್ಯತೆಯನ್ನು ಸಂಕ್ಷೇಪಿಸಿದಷ್ಟೂ ಬಹುಪೌರುಷೇಯವಾಗಬೇಕಾದುದು ಏಕಪೌರುಷೇಯವಾಗುತ್ತದೆ.

ಕಡೆಯದಾಗಿ ಕನ್ನಡದ ಮಾತು. ಸಂಸತ್ತಿನಲ್ಲಿ ಹಿಂದಿ ಅಥವಾ ಆಂಗ್ಲದಲ್ಲಿ ಮಾತನಾಡಬೇಕೆಂದೂ, ಅವುಗಳಲ್ಲಿ ಸಮರ್ಪಕವಾಗಿ ಮಾತನಾಡಲಾರದ ಸದಸ್ಯನಿಗೆ ಅಧ್ಯಕ್ಷರು ಮಾತೃಭಾಷೆಯಲ್ಲಿ ಅನುಮತಿಯನ್ನು ಕೊಡಬಹುದೆಂದೂ ೧೨೦ನೆಯ ಅನುಚ್ಛೇದವು ಹೇಳುತ್ತದೆ. ೧೯೬೭ರಲ್ಲಿ ಶಿವಮೊಗ್ಗೆಯಿಂದ ಆಯ್ಕೆಯಾದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದುದು ಪ್ರಸಿದ್ಧವಾಗಿದೆ. ೩೪೮ನೆಯ ಅನುಚ್ಛೇದದಂತೆ ಶಾಸನಗಳ ಅಧಿಕೃತ ಪಾಠವು ಆಂಗ್ಲದಲ್ಲಿರಬೇಕು. ಆದರೆ ೧೯೭೩ರ ಅಧಿಕೃತ ಪಾಠಗಳ ಅಧಿನಿಯಮದಂತೆ, ರಾಷ್ಟ್ರಪತಿಯ ಅಧಿಕಾರದಿಂದ ರಾಜಪತ್ರದಲ್ಲಿ ಪ್ರಕಟವಾದ ಪ್ರಾದೇಶಿಕಭಾಷೆಯ ಅನುವಾದವೂ ಆ ಭಾಷೆಯಲ್ಲಿ ಅಧಿಕೃತ ಪಾಠವೇ ಆಗುತ್ತದೆ. ಅಂದಮೇಲೆ ಕನ್ನಡದಲ್ಲಿ ‘ಮಾಡತಕ್ಕದ್ದು’ ಎಂದು ಬರೆದಿದೆಯೋ ‘ಮಾಡಬಹುದು’ ಎಂದು ಬರೆದಿದೆಯೋ, ‘ಹುಟ್ಟಿನಿಂದ’ ಎಂದಿದೆಯೋ ‘ಅಂದಿನಿಂದ’ ಎಂದಿದೆಯೋ ಎಂಬುದು ಬರಿಯ ಶೈಲಿಯ ಪ್ರಶ್ನೆಯಲ್ಲ. ಒಬ್ಬ ಹೆಣ್ಣುಮಗಳ ಮೂರು ಎಕರೆಯ ಪ್ರಶ್ನೆ. ಐದು ವರ್ಷಗಳ ಕಾಲ ನ್ಯಾಯಾಲಯಗಳು ಒಂದು ವಾಕ್ಯದ ಅನ್ವಯಕ್ಕಾಗಿ ಶ್ರಮಿಸಿದುದನ್ನು ಮೇಲೆ ಕಂಡೆವಷ್ಟೆ.

ಆದುದರಿಂದ ಸಾಹಿತ್ಯದ ಅಧ್ಯಾಪಕರಲ್ಲಿ ನಮ್ಮದೊಂದು ವಿಜ್ಞಾಪನೆ. ಹಳಗನ್ನಡದ ಶಿಲಾಶಾಸನವೊಂದನ್ನು ಪಾಠ ಹೇಳುವಾಗ ಅದರ ಪಕ್ಕದಲ್ಲಿ ಇಂದಿನ ಅಧಿನಿಯಮದ ಕನ್ನಡಪಾಠದ ಒಂದು ಪ್ರಕರಣವನ್ನೂ ಇಡಲಿ. ವಿದ್ಯಾರ್ಥಿಗಳಿಂದ ಅನ್ವಯವನ್ನು ಹೇಳಿಸಲಿ. ವಿಧಿ ಯಾವುದು, ಪರಂತುಕ ಯಾವುದು, ಅಧಿಕಾರಿ ಯಾರು ಎಂದು ಕೇಳಲಿ. ನಮ್ಮ ಗುರುಗಳು ಈಗ ಇದ್ದಿದ್ದರೆ ಆ ಸಹಪಾಠಿಯ ಪ್ರಶ್ನೆಗೆ ಬೇರೆಯ ಉತ್ತರವನ್ನು ಕೊಡುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.